ಲೂಮೆನ್ ಲೆಕ್ಕ ಬಿಡಿ, ಸೆಲ್ಲನ್ನು ತೂಗಿ ನೋಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲದ ವಿಷಯ: ಕೈ ಟಾರ್ಚ್

ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹಲವರಿಗೆ ಉಪಯೋಗವಾಗುವಂಥವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ನಮ್ಮ ಹಳ್ಳಿಗಳ ಕಡೆ ಟಾರ್ಚನ್ನೇ ‘ಬ್ಯಾಟ್ರಿ’ ಎನ್ನುವುದು ರೂಢಿ. ಗೊಂದಲವಾಗದಿರಲೆಂದು ದೀಪಕ್ಕೆ ಟಾರ್ಚ್ ಎಂದೂ ಅದರೊಳಗೆ ಹಾಕುವುದಕ್ಕೆ ಸೆಲ್ ಎಂದೂ ಬರೆದಿದ್ದೇವೆ.

ಪ್ರಶ್ನೆ: ನಮ್ಮ ಲೈನಿಗೆ ತ್ರೀಫೇಸ್ ಕರೆಂಟು ಬರೋದು ರಾತ್ರಿ ಪಾಳಿಯಲ್ಲಿ. ಹನ್ನೆರಡು, ಒಂದು ಗಂಟೆಗೆ ಎದ್ದು ಬದುವಿನ ಮೇಲೆ ನಡೆದುಹೋಗಿ ಮೋಟರ್ ಹಾಕಬೇಕು. ಅಂಗಡಿಯಲ್ಲಿ ಎರಡು ಟಾರ್ಚ್ ತೋರಿಸಿದರು. ಒಂದಕ್ಕೆ 650 ರೂಪಾಯಿ, ಡಬ್ಬದ ಮೇಲೆ 1,00,000 ಲೂಮೆನ್, 9,900 ಎಂಎಎಚ್ ಅಂತ ಇದೆ. ಇನ್ನೊಂದಕ್ಕೆ 2,200 ರೂಪಾಯಿ, ಅದರಲ್ಲಿ ಬರೀ 1,000 ಲೂಮೆನ್. ಕಡಿಮೆ ದುಡ್ಡಿಗೆ ನೂರು ಪಟ್ಟು ಬೆಳಕು ಸಿಗುವಾಗ ಎರಡನೆಯದು ಯಾಕೆ ಬೇಕು?
– ರೈತರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ನೂರು ಪಟ್ಟು ಬೆಳಕು ಸಿಗುವುದಿಲ್ಲ, ಸಿಗಲು ಸಾಧ್ಯವೂ ಇಲ್ಲ. ಒಳ್ಳೆಯ ಎಲ್‌ಇಡಿ ಟಾರ್ಚ್ ಒಂದು ವಾಟ್ ವಿದ್ಯುತ್ತಿಗೆ ಹೆಚ್ಚೂಕಡಿಮೆ 100ರಿಂದ 130 ಲೂಮೆನ್ ಬೆಳಕು ಕೊಡುತ್ತದೆ. ಆ ಲೆಕ್ಕದಲ್ಲಿ 1,00,000 ಲೂಮೆನ್ ಬೇಕೆಂದರೆ 750 ವಾಟ್‌ಗೂ ಮೇಲೆ ವಿದ್ಯುತ್ ಬೇಕು. ಒಂದು ಎಚ್‌ಪಿ ಅಂದರೆ 746 ವಾಟ್. ಹೆಬ್ಬೆರಳು ಗಾತ್ರದ ಸೆಲ್ಲು ಒಂದು ಎಚ್‌ಪಿ ಮೋಟರ್ ಓಡಿಸುವಷ್ಟು ಶಕ್ತಿ ಕೊಡುತ್ತದೆ ಎಂದು ಆ ಡಬ್ಬ ಹೇಳುತ್ತಿದೆ. ನಿಮ್ಮ ಮೋಟರಿಗೆ ಎಳೆದಿರುವ ವೈರಿನ ದಪ್ಪ ನೆನೆಸಿಕೊಂಡರೆ ಉತ್ತರ ನಿಮಗೇ ಹೊಳೆಯುತ್ತದೆ.

ಇನ್ನು 9,900 ಎಂಎಎಚ್. ಇದು ಸೆಲ್ಲಿನಲ್ಲಿ ಎಷ್ಟು ವಿದ್ಯುತ್ ಹಿಡಿಸುತ್ತದೆ ಎಂಬುದರ ಅಳತೆ. ಇಂಥ ಟಾರ್ಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 18650 ಎಂಬ ಲಿಥಿಯಂ ಅಯಾನ್ ಸೆಲ್. 18 ಮಿ.ಮೀ. ಅಡ್ಡಳತೆ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ದುಂಡನೆಯ ಆಕಾರಕ್ಕೆ. ಈ ಗಾತ್ರದಲ್ಲಿ ಹೆಸರಾಂತ ಕಂಪನಿಗಳ ಒಳ್ಳೆಯ ಸೆಲ್‌ಗಳೇ 3,500 ಎಂಎಎಚ್ ಆಸುಪಾಸಿನಲ್ಲಿ ನಿಲ್ಲುತ್ತವೆ. 4,000 ದಾಟಿದ ಅಂಕಿ ಕಂಡರೆ ಅನುಮಾನಪಡಿ, 9,900 ಕಂಡರೆ ಕೆಳಗಿಟ್ಟು ಬನ್ನಿ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಸೆಲ್ಲನ್ನು ಹೊರಗೆ ತೆಗೆದು ಡಿಜಿಟಲ್ ತಕ್ಕಡಿಯ ಮೇಲಿಡಿ. ಪೂರ್ತಿ ಸಾಮರ್ಥ್ಯದ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. 30 ಗ್ರಾಂ ಬಂದರೆ ಒಳಗೆ ಸರಕು ಕಡಿಮೆ ಎಂದೇ ಅರ್ಥ. ದೊಡ್ಡ ಕವಚದೊಳಗೆ ಪುಟ್ಟ ಸೆಲ್ ಇಟ್ಟು, ಉಳಿದ ಜಾಗಕ್ಕೆ ಪುಡಿ ತುಂಬಿ ಮಾರುವವರೂ ಇದ್ದಾರೆ. ಅಂಥದ್ದು ಮೊದಲ ವಾರ ಚೆನ್ನಾಗಿ ಉರಿದು, ಎರಡನೇ ತಿಂಗಳಿಗೆ ಗದ್ದೆಯ ನಡುವೆ ಕೈಕೊಡುತ್ತದೆ. ಭಾರತದಲ್ಲಿ ಮಾರುವ ಲಿಥಿಯಂ ಸೆಲ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಸೆಲ್ಲಿನ ಮೈಮೇಲೆ ಐಎಸ್ 16046 ಎಂದೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ.

ಈಗ ಎರಡನೇ ಟಾರ್ಚಿನ ವಿಷಯ. ಅದರಲ್ಲಿ 3,500 ಎಂಎಎಚ್, ಅಂದರೆ 3.5 ಆಂಪಿಯರ್-ಗಂಟೆಯ ಸೆಲ್ ಇದೆಯೆಂದುಕೊಂಡು 3.6 ವೋಲ್ಟ್‌ನಿಂದ ಗುಣಿಸಿದರೆ 12.6 ವಾಟ್-ಗಂಟೆ. 1,000 ಲೂಮೆನ್ನಿಗೆ ಸುಮಾರು 10 ವಾಟ್ ಬೇಕು. ಹಾಗಾಗಿ ಪೂರ್ತಿ ಬೆಳಕಿನಲ್ಲಿ ಒಂದು ಗಂಟೆ ಚಿಲ್ಲರೆ, 300 ಲೂಮೆನ್‌ನಲ್ಲಿ ಮೂರು-ನಾಲ್ಕು ಗಂಟೆ, 50 ಲೂಮೆನ್‌ನಲ್ಲಿ ಇಪ್ಪತ್ತು ಗಂಟೆಯ ಹತ್ತಿರ. ಬದುವಿನ ಮೇಲೆ ಕಾಲು ಊರುವ ಜಾಗ ನೋಡಿಕೊಳ್ಳಲು 50 ಲೂಮೆನ್ ಧಾರಾಳ. ಮೋಟರ್ ಮನೆಯ ಬಾಗಿಲಿಗೆ ಹೋಗುವ ಮುಂಚೆ ಸುತ್ತ ಒಮ್ಮೆ ಕಣ್ಣಾಡಿಸಲು 300ರಿಂದ 500 ಸಾಕು. 1,000 ಎಂಬುದು ಎಲ್ಲೋ ಒಂದು ನಿಮಿಷಕ್ಕೆ ಬೇಕಾಗುವ ಬೆಳಕು. ಅಂಗೈಯಗಲದ ಟಾರ್ಚು 10 ವಾಟ್ ಕಾವನ್ನು ಬಹಳ ಹೊತ್ತು ತಡೆಯಲಾರದು. ಒಂದೆರಡು ನಿಮಿಷಕ್ಕೆ ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ಅದನ್ನು ಕೆಟ್ಟಿತೆಂದುಕೊಳ್ಳಬೇಡಿ, ಎಲ್‌ಇಡಿ ಸುಡದಿರಲೆಂದೇ ಹಾಗೆ ಮಾಡಿರುತ್ತಾರೆ.

ಲೂಮೆನ್‌ಗಿಂತ ನಿಮಗೆ ಮುಖ್ಯವಾದ ಅಂಕಿ ಕ್ಯಾಂಡೆಲಾ. ಲೂಮೆನ್ ಅಂದರೆ ಒಟ್ಟು ಬೆಳಕು, ಕ್ಯಾಂಡೆಲಾ ಅಂದರೆ ಕಿರಣದ ನಡುಮಧ್ಯದ ತೀಕ್ಷ್ಣತೆ. ಒಂದೇ ಕೊಡ ನೀರನ್ನು ಕಾಲುವೆಗೆ ಚೆಲ್ಲುವುದಕ್ಕೂ ಪೈಪಿನಿಂದ ಚಿಮ್ಮಿಸುವುದಕ್ಕೂ ಇರುವ ವ್ಯತ್ಯಾಸ ಇದು. ಡಬ್ಬದ ಮೇಲೆ ಎಎನ್‌ಎಸ್‌ಐ ಎಫ್‌ಎಲ್1 (ಟಾರ್ಚ್ ಅಳೆಯುವ ಅಮೆರಿಕದ ಮಾನದಂಡ) ಎಂಬ ಗುರುತಿದ್ದರೆ, ಅಲ್ಲಿ ಬರೆದ ದೂರ ಎಂದರೆ ಬೆಳಕು 0.25 ಲಕ್ಸ್‌ಗೆ, ಅಂದರೆ ಹುಣ್ಣಿಮೆ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗ. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಆ ದೂರ ಸಿಗುತ್ತದೆ. 2,500 ಕ್ಯಾಂಡೆಲಾಕ್ಕೆ 100 ಮೀಟರ್, 10,000 ಕ್ಯಾಂಡೆಲಾಕ್ಕೆ 200 ಮೀಟರ್. ದೂರ ಎರಡರಷ್ಟಾಗಲು ತೀಕ್ಷ್ಣತೆ ನಾಲ್ಕರಷ್ಟಾಗಬೇಕು. ಬೆಳದಿಂಗಳಲ್ಲಿ ಹಸುವನ್ನೂ ಪೊದೆಯನ್ನೂ ಬೇರೆಮಾಡಿ ಹೇಳುವುದು ಕಷ್ಟ, ಆದ್ದರಿಂದ ಬರೆದ ದೂರದಲ್ಲಿ ಅರ್ಧದಷ್ಟನ್ನೇ ನಿಜವಾದ ಉಪಯೋಗದ ದೂರವೆಂದು ಹಿಡಿಯಿರಿ. ಊರಾಚೆಯ ವಿದ್ಯುತ್ ಲೈನಿನ ಎರಡು ಕಂಬಗಳ ನಡುವೆ ಸಾಮಾನ್ಯವಾಗಿ 40ರಿಂದ 60 ಮೀಟರ್ ಇರುತ್ತದೆ. ಎರಡನೇ ಕಂಬದ ಬುಡದಲ್ಲಿ ಕಟ್ಟಿರುವುದು ಎಮ್ಮೆಯೋ ಹಸುವೋ ಗೊತ್ತಾದರೆ ಆ ಟಾರ್ಚ್ ನಿಮ್ಮ ಕೆಲಸಕ್ಕೆ ಆಗುತ್ತದೆ.

ಮುಂಭಾಗ ಎಳೆದು ತಳ್ಳಿ ಜೂಮ್ ಮಾಡುವ ಟಾರ್ಚ್ ಗದ್ದೆ ಕೆಲಸಕ್ಕೆ ಬೇಡ. ಪ್ರತಿ ಸಲ ಎಳೆದಾಗಲೂ ಅದು ಪಿಚಕಾರಿಯ ಹಾಗೆ ಹೊರಗಿನ ಗಾಳಿಯನ್ನು ಒಳಗೆ ಹೀರುತ್ತದೆ. ಗಾಳಿಯ ಜತೆ ದೂಳು, ತೇವ ಎರಡೂ ಸೇರುತ್ತವೆ. ಕಿರಣ ಕಿರಿದು ಮಾಡಿದಾಗ ಬೆಳಕಿನ ದೊಡ್ಡ ಪಾಲು ಒಳಗಿನ ಗೋಡೆಗೇ ಬಡಿದು ಹಾಳಾಗುತ್ತದೆ.

ಪ್ರಶ್ನೆ: ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಮೇಲ್ವಿಚಾರಕ. ನಮ್ಮ ಎಂಟು ಮಂದಿಗೆ ‘ಟ್ಯಾಕ್ಟಿಕಲ್’ ಟಾರ್ಚ್ ಕೊಡಿಸಲು ಹೇಳಿದ್ದಾರೆ. ಹಾಗಂತ ಬರೆದಿರುವುದು ನೂರಾರು ಇವೆ. ನಿಜವಾಗಿ ಅದರಲ್ಲಿ ಏನಿರಬೇಕು?
– ಮೈಸೂರು

ಉತ್ತರ: ಆ ಪದಕ್ಕೆ ಯಾವ ಸರ್ಕಾರಿ ಮುದ್ರೆಯೂ ಇಲ್ಲ, ಕಪ್ಪು ಬಣ್ಣ ಬಳಿದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಕಾವಲು ಕೆಲಸದ ಟಾರ್ಚಿನ ಜೀವ ಇರುವುದು ಸ್ವಿಚ್ಚಿನಲ್ಲಿ. ಗಾಬರಿಯಲ್ಲಿ, ಕತ್ತಲಲ್ಲಿ, ಮಳೆಗೆ ತೊಯ್ದ ಕೈಯಲ್ಲಿ ಒತ್ತಿದ ತಕ್ಷಣ ಪೂರ್ತಿ ಬೆಳಕು ಬರಬೇಕು. ‘ಮೊದಲು ಮಂದ, ಆಮೇಲೆ ಮಧ್ಯಮ, ಆಮೇಲೆ ಜೋರು’ ಎಂದು ಎಣಿಸಿಕೊಂಡು ಒತ್ತುವ ಟಾರ್ಚ್ ಈ ಕೆಲಸಕ್ಕಲ್ಲ.

ಸ್ವಿಚ್ ಬಾಲದ ತುದಿಯಲ್ಲಿರಲಿ. ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿಟ್ಟರೆ ಸ್ವಿಚ್ ಎಲ್ಲಿದೆಯೆಂದು ತಡಕಾಡಬೇಕಿಲ್ಲ. ಅಂಗಡಿಯಲ್ಲಿ ಅದನ್ನು ಮೆಲ್ಲಗೆ ಅರ್ಧ ಒತ್ತಿ ನೋಡಿ. ‘ಟಕ್’ ಎನ್ನುವ ಮೊದಲೇ ಬೆಳಕು ಬಂದು, ಬೆರಳು ಬಿಟ್ಟೊಡನೆ ಆರಿದರೆ ಅದು ಫಾರ್ವರ್ಡ್ ಸ್ವಿಚ್. ನಿಮಗೆ ಬೇಕಾದದ್ದು ಇದು. ಪೂರ್ತಿ ಒತ್ತಿ ಬಿಟ್ಟ ಮೇಲೇ ಬೆಳಕು ಬರುವುದಾದರೆ ಅದು ರಿವರ್ಸ್ ಸ್ವಿಚ್. ಮನೆಗೆ ಅದು ಸಾಕು, ಕಾವಲಿಗೆ ಬೇಡ. ಬಾಲದ ಅಂಚು ಸ್ವಿಚ್ಚಿಗಿಂತ ಎತ್ತರವಿದ್ದರೆ ಟಾರ್ಚನ್ನು ನಿಲ್ಲಿಸಿಡಬಹುದು, ಚೀಲದೊಳಗೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಅಂಚು ವಿಪರೀತ ಎತ್ತರವಿದ್ದು ಸ್ವಿಚ್ ಒಳಗೆ ಹೂತುಹೋದರೆ ಕೈಗವಸು ಹಾಕಿದ ಹೆಬ್ಬೆರಳಿಗೆ ಸಿಗುವುದಿಲ್ಲ. ಎಂಟು ಮಂದಿಯ ಕೈಗೂ ಒಮ್ಮೊಮ್ಮೆ ಕೊಟ್ಟು ನೋಡಿ.

ಮಿಣಮಿಣ ಮಿನುಗುವ ಸ್ಟ್ರೋಬ್‌ಗೆ ಮರುಳಾಗಬೇಡಿ. ಮಂಜು, ದೂಳು ಇರುವಲ್ಲಿ ಅದು ನಿಮ್ಮ ಕಣ್ಣನ್ನೇ ಕೆಡಿಸುತ್ತದೆ. ಮೂರ್ಛೆರೋಗ ಇರುವವರಲ್ಲಿ ಕೆಲವರಿಗೆ ಮಿನುಗುವ ಬೆಳಕಿನಿಂದ ಫಿಟ್ಸ್ ಬರುವ ಅಪಾಯವಿದೆ. ಸ್ಟ್ರೋಬ್ ಇರಲೇಬೇಕೆಂದರೆ ಬೇರೆ ಗುಂಡಿಗಿರಲಿ, ಮಾಮೂಲಿ ಒತ್ತಿಗೆ ಅಡ್ಡ ಬರಬಾರದು.

ಮೈ 6061 ದರ್ಜೆಯ ಅಲ್ಯೂಮಿನಿಯಂನದಾಗಿದ್ದು, ಅದಕ್ಕೆ ಟೈಪ್ 3 ಗಟ್ಟಿ ಆನೊಡೈಸಿಂಗ್ (ಗೀರು ತಡೆಯುವ ಮೇಲ್ಪದರ) ಆಗಿರಬೇಕು. ಸೆಲ್ಲಿನ ಎರಡೂ ತುದಿಗೆ ಸ್ಪ್ರಿಂಗ್ ಇರಲಿ. ಒಂದೇ ಕಡೆ ಇದ್ದರೆ ಕಾಂಕ್ರೀಟ್ ಮೇಲೆ ಬಿದ್ದ ಹೊಡೆತಕ್ಕೆ ಸೆಲ್ ಹಾರಿ ಒಂದು ಕ್ಷಣ ಸಂಪರ್ಕ ತಪ್ಪಿ ಬೆಳಕು ಆರುತ್ತದೆ. ಗಾಡಿಯ ಕಪ್ಪು ಗಾಜಿನೊಳಗೆ, ಕಾಂಪೌಂಡಿನ ಆ ತುದಿಗೆ ನೋಡಬೇಕಾದವರಿಗೆ 10,000 ಕ್ಯಾಂಡೆಲಾಕ್ಕೆ ಕಡಿಮೆ ಬೇಡ. ಹಾಗೆಯೇ ಗೇಟಿನಲ್ಲಿ ಗುರುತಿನ ಚೀಟಿ ನೋಡಲು ಮಂದ ಬೆಳಕೂ ಬೇಕು. ಕೆಲಸ ಮುಗಿಸಿ ಬರುವ ಕಾರ್ಮಿಕರ ಮುಖಕ್ಕೆ 1,000 ಲೂಮೆನ್ ಹಿಡಿಯುವುದು ಸಭ್ಯತೆಯಲ್ಲ, ಎದೆಮಟ್ಟಕ್ಕೆ ಹಿಡಿದರೆ ಮುಖವೂ ಚೀಟಿಯೂ ಕಾಣುತ್ತವೆ.

ಒಂದೇ ಸೆಲ್ಲಿನ ಮಾದರಿಯನ್ನೇ ಆರಿಸಿ. ಎರಡು ಲಿಥಿಯಂ ಸೆಲ್‌ಗಳನ್ನು ಒಂದರ ಹಿಂದೊಂದು ಹಾಕುವ ಟಾರ್ಚ್‌ಗಳಲ್ಲಿ ಹಳೆಯದು-ಹೊಸದು ಬೆರೆತರೆ ಸೊರಗಿದ ಸೆಲ್ ಪೂರ್ತಿ ಬರಿದಾಗಿ ಕೆಡುತ್ತದೆ, ವಿಪರೀತ ಬಿಸಿಯಾಗಿ ಅಪಾಯವೂ ಆಗಬಹುದು. ಎಂಟು ಟಾರ್ಚಿಗೆ ಹನ್ನೆರಡು ಸೆಲ್, ಎರಡು ಹೊರಗಿನ ಚಾರ್ಜರ್ ಇಟ್ಟುಕೊಂಡರೆ ಪಾಳಿ ನಿಲ್ಲುವುದಿಲ್ಲ. ಪ್ರತಿ ಸೆಲ್ ಮೇಲೂ ಸಂಖ್ಯೆ, ತಂದ ತಿಂಗಳು ಬರೆದಿಡಿ.

ಪ್ರಶ್ನೆ: ನಮ್ಮ ಕಡೆ ಚಿರತೆ ಕಾಟ. 2022ರ ಕೊನೆಯಲ್ಲಿ ತಾಲ್ಲೂಕಿನಲ್ಲಿ ಜನ ಸತ್ತ ಮೇಲೆ ಕತ್ತಲಾದರೆ ಮನೆಯಿಂದ ಹೊರಗೆ ಕಾಲಿಡಲು ಹೆದರಿಕೆ. ಹಾವಿನ ಭಯ ಯಾವಾಗಲೂ ಇದ್ದದ್ದೇ. ತಲೆಗೆ ಕಟ್ಟುವ ಟಾರ್ಚ್ ಒಳ್ಳೆಯದೋ, ಕೈಯಲ್ಲಿ ಹಿಡಿಯುವುದೋ?
– ಓದುಗರು, ತಿ. ನರಸೀಪುರ ತಾಲ್ಲೂಕು

ಉತ್ತರ: ಎರಡೂ ಬೇಕು. ಚಿರತೆಗೂ ಹಾವಿಗೂ ಕೈ ಟಾರ್ಚೇ, ಹಿಡಿಯುವ ರೀತಿ ಮಾತ್ರ ಬೇರೆ. ಎರಡು ಕೈಗೂ ಕೆಲಸವಿರುವಾಗ ತಲೆ ಟಾರ್ಚ್.

ಚಿರತೆ, ನಾಯಿ, ದನ ಇವುಗಳ ಕಣ್ಣಿನ ಹಿಂಪದರ ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. ಹಾಗಾಗಿ ಆ ಹೊಳಪು ಕಾಣಬೇಕಾದರೆ ಟಾರ್ಚ್ ನಿಮ್ಮ ಕಣ್ಣಿನ ಹತ್ತಿರ ಇರಬೇಕು. ಸೊಂಟದ ಬಳಿ ಹಿಡಿದರೆ ಹೊಳಪು ಟಾರ್ಚಿನತ್ತ ಹೋಗುತ್ತದೆಯೇ ಹೊರತು ನಿಮ್ಮ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಕಬ್ಬಿನ ಗದ್ದೆಯ ಅಂಚಿಗೆ ಬಂದಾಗ ನಿಂತು, ಕೈ ಟಾರ್ಚನ್ನು ಕಪಾಳದ ಪಕ್ಕಕ್ಕೆ ಎತ್ತಿ, ಬೆಳಕನ್ನು ನೆಲದಿಂದ ಮೊಣಕಾಲೆತ್ತರದಲ್ಲಿ ನಿಧಾನವಾಗಿ ಎಡದಿಂದ ಬಲಕ್ಕೆ ಆಡಿಸಿ. ಜೋಡಿ ಹೊಳಪು ಕಂಡರೆ ಅದು ದನವೋ ನಾಯಿಯೋ ಎಂದು ನೋಡಲು ಮುಂದೆ ಹೋಗಬೇಡಿ. ಬಣ್ಣ ನೋಡಿ ಪ್ರಾಣಿ ಹೇಳುವುದೂ ನಂಬುವ ಮಾತಲ್ಲ. ಬೆಳಕು ಹಿಡಿದುಕೊಂಡೇ, ಗಟ್ಟಿಯಾಗಿ ಮಾತನಾಡುತ್ತ, ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಓಡಬೇಡಿ.

ಟಾರ್ಚ್ ಚಿರತೆಯನ್ನು ಓಡಿಸುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಅದು ಮೊದಲೇ ಕಂಡರೆ ನೀವು ದೂರ ನಿಲ್ಲಬಹುದು, ಟಾರ್ಚಿನ ಉಪಕಾರ ಅಷ್ಟೇ. ಇಬ್ಬರು ಜತೆಯಾಗಿ, ಸದ್ದು ಮಾಡುತ್ತ ಹೋಗುವುದು ಎಷ್ಟು ಲೂಮೆನ್ನಿಗಿಂತಲೂ ದೊಡ್ಡ ರಕ್ಷಣೆ. ಕತ್ತಲಲ್ಲಿ ಬಯಲಿಗೆ ಕೂರುವುದು, ಬಗ್ಗಿ ಹುಲ್ಲು ಕೊಯ್ಯುವುದು ಬೇಡ. ಬಗ್ಗಿದ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾನೆ. ಚಿರತೆ ಓಡಾಟದ ಗುರುತು ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಹಾವಿಗೆ ಇದರ ಉಲ್ಟಾ. ಹಣೆಯ ಮೇಲಿನ ಬೆಳಕು ಮೇಲಿನಿಂದ ನೇರವಾಗಿ ಬಿದ್ದು ನೆಲವನ್ನೆಲ್ಲ ಚಪ್ಪಟೆಯಾಗಿ ತೋರಿಸುತ್ತದೆ. ಕೈ ಟಾರ್ಚನ್ನು ತೊಡೆಯ ಮಟ್ಟಕ್ಕಿಳಿಸಿ ಮುಂದಕ್ಕೆ ಓರೆಯಾಗಿ ಹಿಡಿದರೆ ಪ್ರತಿ ಕಡ್ಡಿಗೂ ಉದ್ದ ನೆರಳು ಬೀಳುತ್ತದೆ, ಹಾವಿನ ಮೈಯ ಉಬ್ಬು ಆ ನೆರಳಿನಿಂದ ಗೊತ್ತಾಗುತ್ತದೆ. ಕೊಳಕುಮಂಡಲ ಹೆಜ್ಜೆ ಸದ್ದಿಗೆ ಸರಿದುಹೋಗುವ ಹಾವಲ್ಲ, ಒಣಗಿದ ಕಬ್ಬಿನ ತರಗಿನಲ್ಲಿ ಅದೇ ಬಣ್ಣದಲ್ಲಿ ಸುರುಳಿ ಸುತ್ತಿ ಬಿದ್ದಿರುತ್ತದೆ. ಇಲ್ಲಿ ಬೆಳಕಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. 6,500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ನೀಲಿಬಿಳಿ ಬೆಳಕಿನಲ್ಲಿ ಕಂದು, ಕೆಂಗಂದು, ಮಣ್ಣು ಎಲ್ಲವೂ ಒಂದೇ ಬೂದಿಯಾಗಿ ಕಾಣುತ್ತವೆ. 4,000ದಿಂದ 5,000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 90ಕ್ಕೆ ಮೇಲೆ ಇರುವ ಎಲ್‌ಇಡಿ ಆರಿಸಿಕೊಂಡರೆ ತರಗಿನ ಕಂದು ಬೇರೆ, ಹಾವಿನ ಮೈಮೇಲಿನ ಮಚ್ಚೆಯ ಕಂದು ಬೇರೆ ಎಂದು ತಿಳಿಯುತ್ತದೆ. ಇಂಥ ಎಲ್‌ಇಡಿ ಅದೇ ವಿದ್ಯುತ್ತಿಗೆ ಕೊಂಚ ಕಡಿಮೆ ಬೆಳಕು ಕೊಡುತ್ತದೆ. ಆ ನಷ್ಟ ಒಪ್ಪಿಕೊಳ್ಳಿ. ಮೊಣಕಾಲುದ್ದದ ಗಮ್‌ಬೂಟು, ಕೈಯಲ್ಲೊಂದು ಕೋಲು ಟಾರ್ಚಿನ ಜತೆಗಿರಲಿ.

ತಲೆ ಟಾರ್ಚ್ ಎರಡು ಕೈಗೂ ಕೆಲಸವಿರುವಾಗ ಬೇಕು. ಸ್ಟಾರ್ಟರ್ ಪೆಟ್ಟಿಗೆ ತೆರೆದು ಫ್ಯೂಸ್ ನೋಡುವಾಗ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಅದು ಲೋಹದ ಮೈ, ಎದುರಿಗಿರುವುದು 415 ವೋಲ್ಟ್. ಅಲ್ಲಿಗೆ 100ರಿಂದ 200 ಲೂಮೆನ್‌ನ, ಪ್ಲಾಸ್ಟಿಕ್ ಮೈಯ, ಹರಡಿದ ಬೆಳಕಿನ ತಲೆ ಟಾರ್ಚ್ ಸಾಕು. ಫ್ಯೂಸ್ ಮುಟ್ಟುವ ಮುಂಚೆ ಮೇನ್ ಇಳಿಸಿ.

ಪ್ರಶ್ನೆ: ಮನೆಯಲ್ಲಿ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಹಳೆ ಎಲ್‌ಇಡಿ ಟಾರ್ಚ್ ಇದೆ. ಚಾರ್ಜ್ ನಿಲ್ಲುತ್ತಿಲ್ಲ. ಮೇಲಾಗಿ ಪ್ಲಗ್ಗಿನಿಂದ ಕಿತ್ತ ಮೇಲೂ ಪಿನ್ ತಗುಲಿದರೆ ಜುಮ್ ಎನ್ನುತ್ತದೆ. ಕರೆಂಟೇ ಇಲ್ಲದ ಮೇಲೆ ಶಾಕ್ ಹೇಗೆ?
– ಗೃಹಿಣಿ, ಮಳವಳ್ಳಿ

ಉತ್ತರ: ಅಮ್ಮಾ, ಅದನ್ನು ಇವತ್ತೇ ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.

ಇಂಥ ಅಗ್ಗದ ಟಾರ್ಚ್‌ಗಳಲ್ಲಿ 230 ವೋಲ್ಟನ್ನು ಇಳಿಸಲು ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಷ್ಟೇ. ಕೆಪಾಸಿಟರ್ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ ಕಿತ್ತೊಡನೆ ಅದನ್ನು ಬರಿದುಮಾಡಲು ಅಡ್ಡವಾಗಿ ಒಂದು ರೆಸಿಸ್ಟರ್ ಇರಬೇಕು. ನಿಮ್ಮದರಲ್ಲಿ ಅದು ಸುಟ್ಟಿದೆ, ಇಲ್ಲವೇ ಹಾಕಿಯೇ ಇಲ್ಲ. ಉಳಿದ ಚಾರ್ಜು ನಿಮ್ಮ ಬೆರಳಿನ ಮೂಲಕ ಹರಿಯುತ್ತಿದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಚಾರ್ಜಿಗೆ ಹಾಕಿದಾಗ ಒಳಗಿನ ಬ್ಯಾಟರಿಯಿಂದ ಎಲ್‌ಇಡಿಯವರೆಗೆ ಎಲ್ಲ ಭಾಗವೂ ಮನೆಯ ಲೈನಿಗೆ ನೇರ ಸೇರಿರುತ್ತದೆ. ಮೈ ಬಿರುಕು ಬಿಟ್ಟಿದ್ದರೆ, ಗಾಜು ಒಡೆದಿದ್ದರೆ, ಕೈ ಒದ್ದೆಯಿದ್ದರೆ ಲೈವ್ ತಂತಿ ಮುಟ್ಟಿದ ಹಾಗೆಯೇ. ಚಾರ್ಜ್ ಆಗುತ್ತಿರುವಾಗ ಟಾರ್ಚ್ ಹೊತ್ತಿಸುವುದೂ ಬೇಡ.

ಚಾರ್ಜ್ ನಿಲ್ಲದಿರಲು ಕಾರಣ ಒಳಗಿನ 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. ಬರಿದಾದ ಮೇಲೆ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ರಾತ್ರಿಯಿಡೀ ಪ್ಲಗ್ಗಿನಲ್ಲಿ ಬಿಟ್ಟರೆ ಒಳಗಿನ ನೀರು ಆರುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಶಾಕಿನ ತೊಂದರೆ ಉಳಿಯುತ್ತದೆ, ರಿಪೇರಿಗೆ ದುಡ್ಡು ಸುರಿಯಬೇಡಿ. ಸೀಸ ವಿಷ. ಕಸದ ಗಾಡಿಗೆ ಹಾಕದೆ, ಗಾಡಿ ಬ್ಯಾಟರಿ ಮಾರುವ ಅಂಗಡಿಗೆ ಕೊಡಿ. ಮುಂದೆ ಕೊಳ್ಳುವಾಗ ಮೊಬೈಲ್ ಚಾರ್ಜರಿನಿಂದ 5 ವೋಲ್ಟಿಗೆ ಚಾರ್ಜ್ ಆಗುವುದನ್ನೇ ಕೊಳ್ಳಿ.

ಪ್ರಶ್ನೆ: ಕರೆಂಟು ಹೋದಾಗ ಮನೆಗೆ, ಸಂಜೆ ಕೆಲಸ ಮುಗಿಸಿ ಬರುವಾಗ ಬ್ಯಾಗಿಗೆ, ಎರಡಕ್ಕೂ ಆಗುವ ಪುಟ್ಟ ಟಾರ್ಚ್ ಹೇಳಿ. ಲಿಥಿಯಂ ಸೆಲ್ಲಿನ ತಾಪತ್ರಯ ಬೇಡ.
– ಶಿಕ್ಷಕಿ, ಮಂಡ್ಯ

ಉತ್ತರ: ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಒಂದೇ ಹಿಡಿಯುವ, 100 ಲೂಮೆನ್ ಆಸುಪಾಸಿನ ಅಲ್ಯೂಮಿನಿಯಂ ಟಾರ್ಚ್ ತೆಗೆದುಕೊಳ್ಳಿ. ಕರೆಂಟು ಹೋದಾಗ ಅದನ್ನು ಲೋಟದಲ್ಲಿ ಮೇಲ್ಮುಖವಾಗಿ ನಿಲ್ಲಿಸಿದರೆ ಬಿಳಿ ಸೂರಿಗೆ ಬೆಳಕು ಬಡಿದು ಕೋಣೆಯಿಡೀ ಹರಡುತ್ತದೆ. ಒಳಗೆ ಆಲ್ಕಲೈನ್ ಸೆಲ್ ಹಾಕಿ ಮರೆಯಬೇಡಿ. ಹಳತಾದರೆ ಸೋರಿ, ಬಿಳಿ ಪುಡಿಯಾಗಿ, ಸ್ಪ್ರಿಂಗನ್ನೇ ತಿಂದುಹಾಕುತ್ತದೆ. ಸೋರಿದ್ದರೆ ಹತ್ತಿಯನ್ನು ನಿಂಬೆರಸದಲ್ಲೋ ವಿನಿಗರಿನಲ್ಲೋ ಅದ್ದಿ ಒರೆಸಿ. ಸೋರಿದ್ದು ಕ್ಷಾರ, ಹುಳಿಗೆ ಅಡಗುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಇದಕ್ಕಿಂತ, ಇಟ್ಟಲ್ಲೇ ಬೇಗ ಬರಿದಾಗದ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಎರಡು ಕೊಂಡರೆ ವರ್ಷಗಟ್ಟಲೆ ನಿಶ್ಚಿಂತೆ. ಅದೇ ಅಳತೆಯಲ್ಲಿ 14500 ಎಂಬ 3.7 ವೋಲ್ಟಿನ ಲಿಥಿಯಂ ಸೆಲ್ಲೂ ಸಿಗುತ್ತದೆ. 1.5 ವೋಲ್ಟಿನ ಟಾರ್ಚಿಗೆ ಅದನ್ನು ಹಾಕಿದರೆ ಒಳಗಿನ ಸರ್ಕ್ಯೂಟ್ ಸುಡಬಹುದು.

ಪ್ರಶ್ನೆ: ಒಳ್ಳೆಯ ಟಾರ್ಚೇ. ಈಗ ನಡೆಯುವಾಗ ಕಣ್ಣು ಮಿಟುಕಿಸುತ್ತದೆ, ತಟ್ಟಿದರೆ ಸರಿಹೋಗುತ್ತದೆ. ಬಿಸಾಡಬೇಕೇ?
– ಎಲೆಕ್ಟ್ರಿಷಿಯನ್, ಅಗ್ರಹಾರ, ಮೈಸೂರು

ಉತ್ತರ: ಖಂಡಿತ ಬಿಸಾಡಬೇಡಿ. ತಟ್ಟಿದರೆ ಸರಿಹೋಗುವ ಟಾರ್ಚಿನಲ್ಲಿ ಎಲ್‌ಇಡಿ ಕೆಟ್ಟಿರುವುದು ಅಪರೂಪ. ಎಲ್ಲೋ ಸಂಪರ್ಕ ಸಡಿಲವಾಗಿರುತ್ತದೆ.

ಬಾಲದ ಮುಚ್ಚಳ ಬಿಚ್ಚಿ, ಸೆಲ್ ಒಳಗೇ ಇರಲಿ. ಎರಡೂ ತುದಿ ಸುಲಿದ ಎರಡಿಂಚು ತಾಮ್ರದ ತಂತಿ ತೆಗೆದುಕೊಂಡು ಒಂದು ತುದಿಯನ್ನು ಸೆಲ್ಲಿನ ಋಣ ತಳಕ್ಕೂ, ಇನ್ನೊಂದನ್ನು ಕೊಳವೆಯ ಅಂಚಿನ ಹೊಳೆಯುವ ಬರಿ ಲೋಹಕ್ಕೂ ಒತ್ತಿ. ಬಣ್ಣ ಹಿಡಿದ ಆನೊಡೈಸ್ ಭಾಗ ವಿದ್ಯುತ್ ಹರಿಸುವುದಿಲ್ಲ, ಅಲ್ಲಿ ಒತ್ತಿದರೆ ಏನೂ ಆಗದು. ಬಾಲದ ಸ್ವಿಚ್ ಮಾಡುವ ಕೆಲಸವೇ ಇದು, ಈಗ ಅದನ್ನು ತಂತಿ ಮಾಡುತ್ತಿದೆ. ಬೆಳಕು ಅಲುಗದೆ ನಿಂತರೆ ದೋಷ ಬಾಲದಲ್ಲಿದೆ. ಮುಚ್ಚಳದೊಳಗೆ ಎರಡು ಪುಟ್ಟ ತೂತಿರುವ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಉಂಗುರ ಕಾಣುತ್ತದೆ. ಚೂಪು ಚಿಮಟದ ಎರಡು ಮೊನೆ ಆ ತೂತಿಗಿಟ್ಟು ಬಲಕ್ಕೆ ಬಿಗಿಮಾಡಿ. ಎಷ್ಟೋ ಟಾರ್ಚ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. ಉಂಗುರ ಬಿಗಿಯಿದ್ದೂ ಮಿಟುಕಿದರೆ ಸ್ವಿಚ್ಚೇ ಸವೆದಿದೆ, ಅದೇ ಅಳತೆಯದು ತಂದು ಬೆಸುಗೆ ಹಾಕಿ.

ತಂತಿ ಒತ್ತಿದಾಗಲೂ ಮಿಟುಕಿದರೆ ದೋಷ ತಲೆಯ ಕಡೆ. ತಲೆ ಬಿಚ್ಚಿ, ತಿರುಪಿನ ಸುತ್ತು, ಕೊಳವೆಯ ಎರಡು ಅಂಚು, ಸ್ಪ್ರಿಂಗಿನ ತುದಿ ಇಷ್ಟನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಕಪ್ಪು ಹೋಗುವವರೆಗೆ ಒರೆಸಿ. ಅಲ್ಯೂಮಿನಿಯಂ ಸವೆದ ಕರಿ ಪುಡಿಯೂ ಹಳೆ ಗ್ರೀಸೂ ಸೇರಿ ಅಲ್ಲಿ ಪದರ ಕಟ್ಟಿರುತ್ತದೆ. ಸೆಲ್ ಬದಲಿಸಿದ ಮೇಲೆ ತೊಂದರೆ ಶುರುವಾದದ್ದಾದರೆ ಸೆಲ್ಲಿನ ಧನ ತುದಿ ನೋಡಿ. ಚಪ್ಪಟೆ ತುದಿಯದು ಕೆಲವು ಟಾರ್ಚಿನಲ್ಲಿ ತಾಗುವುದೇ ಇಲ್ಲ, ಗುಂಡಿಯಂತೆ ಉಬ್ಬಿದ ತುದಿಯೇ ಬೇಕು. ರಕ್ಷಣಾ ಸರ್ಕ್ಯೂಟ್ ಇರುವ 18650 ಸೆಲ್ 65ರ ಬದಲು 68-70 ಮಿ.ಮೀ. ಉದ್ದ ಬರುತ್ತದೆ, ಬಿಗಿಯಾದರೆ ತಿರುಪಿ ತುರುಕಬೇಡಿ. ಸೆಲ್ಲಿನ ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಅದನ್ನು ಬಳಸಲೇಬೇಡಿ. ಹೊದಿಕೆಯ ಕೆಳಗಿನ ಇಡೀ ಡಬ್ಬಿ ಋಣ ತುದಿ, ಧನ ತುದಿಯ ಪಕ್ಕದಲ್ಲೇ ಹರಿದಿದ್ದರೆ ಶಾರ್ಟ್ ಆಗಲು ಕೂದಲೆಳೆಯ ಅಂತರ.

ಪ್ರಶ್ನೆ: ಐಪಿಎಕ್ಸ್ 8 ಅಂತ ಬರೆದಿದ್ದ ಟಾರ್ಚ್ ನಾಲೆಯಲ್ಲಿ ಬಿತ್ತು. ಐದೇ ನಿಮಿಷಕ್ಕೆ ತೆಗೆದರೂ ಗಾಜಿನೊಳಗೆ ಮಂಜು. ಬರೆದದ್ದು ಸುಳ್ಳೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಸುಳ್ಳೂ ಇರಬಹುದು, ವಾಷರ್ ಒಣಗಿಯೂ ಇರಬಹುದು. ಐಪಿಎಕ್ಸ್ 4 ಎಂದರೆ ಮಳೆ ಎರಚಲು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. 8 ಎಂದರೆ ಅದಕ್ಕೂ ಕಠಿಣ, ಎಷ್ಟು ಆಳ ಎಂಬುದನ್ನು ತಯಾರಕರು ಬರೆದಿರಬೇಕು. ನಡುವಿನ ‘ಎಕ್ಸ್’ ದೂಳಿನ ಪರೀಕ್ಷೆಯ ಅಂಕಿ ಕೊಟ್ಟಿಲ್ಲ ಎಂಬುದರ ಗುರುತು. ಈ ಪರೀಕ್ಷೆಗಳೆಲ್ಲ ಹೊಸ ಟಾರ್ಚಿಗೆ, ಶುದ್ಧ ನೀರಿನಲ್ಲಿ. ಎರಡು ವರ್ಷ ಬಳಸಿದ, ವಾಷರಿನ ಮೇಲೆ ಮರಳು ಕೂತ ಟಾರ್ಚಿಗೆ ಆ ಮಾತು ನಿಲ್ಲುವುದಿಲ್ಲ.

ಈಗ ಮಾಡಬೇಕಾದ್ದು: ಹೊತ್ತಿಸಿ ನೋಡಬೇಡಿ. ಸೆಲ್ ತೆಗೆದು ಒರೆಸಿ ಬೇರೆ ಇಡಿ. ತಲೆ, ಬಾಲ ಎರಡೂ ಬಿಚ್ಚಿ, ಒಳಗೆ ಕೆಸರಿದ್ದರೆ ಶುದ್ಧ ನೀರಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಎರಡು ದಿನ ಬಿಡಿ. ಹೇರ್ ಡ್ರೈಯರ್, ಒಲೆಯ ಪಕ್ಕ ಬೇಡ. ಅಕ್ಕಿ ಡಬ್ಬದಲ್ಲಿ ಹೂಳುವುದೂ ಬೇಡ, ಅಕ್ಕಿಯ ಹುಡಿ ತಿರುಪಿನ ಸುತ್ತಿನೊಳಗೆ ಸೇರುತ್ತದೆ. ನೀರು ಹೊಕ್ಕ ಸೆಲ್ ಬಿಸಿಯಾದರೆ, ಊದಿದರೆ ಮತ್ತೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಒಣಗಿದ ಮೇಲೆ ಕರಿ ರಬ್ಬರ್ ವಾಷರನ್ನು ಬೆರಳಿನಲ್ಲಿ ಹಿಂಡಿ ಎಬ್ಬಿಸಿ ತೆಗೆಯಿರಿ. ಗುಂಡುಪಿನ್ನು ಹಾಕಿದರೆ ಗೀರು ಬೀಳುತ್ತದೆ. ಬಿರುಕು, ಚಪ್ಪಟೆ ಇದ್ದರೆ ಬದಲಿಸಿ. ಇಲ್ಲದಿದ್ದರೆ ಒರೆಸಿ, ನೀರಿನ ಫಿಲ್ಟರ್ ರಿಪೇರಿಯವರು ಬಳಸುವ ಸಿಲಿಕೋನ್ ಗ್ರೀಸನ್ನು ಅಕ್ಕಿಕಾಳಿನಷ್ಟು ಹಚ್ಚಿ, ವಾಷರ್ ಹೊಳೆಯುವಷ್ಟು ಮಾತ್ರ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಕೆಲವು ಜಾತಿಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ ತಪ್ಪದೆ, ಇದನ್ನು ಮಾಡಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಪೂರ್ತಿ ಒತ್ತಿದೆಯೇ ಎಂದೂ ನೋಡಿ. ನೀರು ಹೋಗುವುದು ಹೆಚ್ಚಾಗಿ ಅಲ್ಲಿಂದಲೇ.

ಪ್ರಶ್ನೆ: ಹೊಸ ಯುಎಸ್‌ಬಿ-ಸಿ ಟಾರ್ಚ್, ಮೊಬೈಲಿನ ಹೊಸ ಚಾರ್ಜರಿಗೆ ಹಾಕಿದರೆ ದೀಪವೇ ಬರುವುದಿಲ್ಲ. ಹಳೆ ಚಾರ್ಜರಿಗೆ ಬರುತ್ತದೆ.
– ವಿದ್ಯಾರ್ಥಿ, ಮದ್ದೂರು

ಉತ್ತರ: ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ, ಎದುರಿಗೊಂದು ಉಪಕರಣ ಇದೆಯೆಂದು ಖಾತ್ರಿಯಾಗದೆ ಚಾರ್ಜರ್ ವಿದ್ಯುತ್ ಬಿಡುವುದಿಲ್ಲ. ಆ ಗುರುತಿಗೆ ಟಾರ್ಚಿನೊಳಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಬೇಕು. ಪೈಸೆ ಉಳಿಸಲು ಅವನ್ನು ಬಿಟ್ಟಿದ್ದಾರೆ. ಒಂದು ತುದಿ ಹಳೆಯ ಅಗಲ ಪ್ಲಗ್, ಇನ್ನೊಂದು ಸಿ ಇರುವ ಕೇಬಲ್ ಬಳಸಿ. ಒಂದು ಆಂಪಿಯರ್ ಲೆಕ್ಕದಲ್ಲಿ 3,500 ಎಂಎಎಚ್ ಸೆಲ್ ತುಂಬಲು ನಾಲ್ಕು ಗಂಟೆ ಹಿಡಿಯುತ್ತದೆ. ಹಾಸಿಗೆ, ದಿಂಬಿನ ಮೇಲಿಡದೆ ನೆಲದ ಮೇಲಿಟ್ಟು, ನೀವು ಎಚ್ಚರವಿರುವಾಗ ಹಾಕಿ.

ಪ್ರಶ್ನೆ: ವಿಮಾನದಲ್ಲಿ ಟಾರ್ಚ್ ಒಯ್ಯಬಹುದೇ?
– ಮೈಸೂರು

ಉತ್ತರ: ಬಿಡಿ ಲಿಥಿಯಂ ಸೆಲ್‌ಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. ಒಂದೊಂದನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಚಿಲ್ಲರೆ ನಾಣ್ಯ, ಬೀಗದ ಕೈ ಜತೆ ಬೇಡ. ಟಾರ್ಚಿನೊಳಗಿನ ಸೆಲ್ ತಾನಾಗಿ ಹೊತ್ತದಂತೆ ಬಾಲವನ್ನು ಕಾಲು ಸುತ್ತು ಸಡಿಲಿಸಿ, ಒತ್ತಿದರೂ ಬೆಳಕು ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬರುತ್ತಿದ್ದರೆ ಸೆಲ್ಲನ್ನೇ ಹೊರಗೆ ತೆಗೆದಿಡಿ. ಮುಂಭಾಗಕ್ಕೆ ಚೂಪು ಹಲ್ಲಿನ ಅಂಚಿರುವ ಮಾದರಿಯನ್ನು ತಪಾಸಣೆಯಲ್ಲಿ ತಡೆಯಬಹುದು, ಪ್ರಯಾಣಕ್ಕೆ ನಯವಾದ ಅಂಚಿನದೇ ಇರಲಿ.